ಮೈಮೇಲೆ ಬೀಳುವ ಮಗುವಿಗೆ ಒಂದು ಮೊಳದ ಪಾಠ

ಮದುವೆ ಮನೆಯಲ್ಲಿ ಗುರುತಿಲ್ಲದವರ ತೊಡೆ ಏರುವುದು, ಬಸ್ಸಿನಲ್ಲಿ ಮುಂದಿನ ಸೀಟಿನವರ ಜಡೆ ಎಳೆಯುವುದು, ಲಿಫ್ಟಿನಲ್ಲಿ ಯಾರದ್ದೋ ಕಾಲಿಗೆ ಜೋತು ಬೀಳುವುದು. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಇದೆಲ್ಲ ಸಹಜ. ಎದುರಿನವರ ಮನಸ್ಸಿನಲ್ಲಿ ಬೇರೆಯೇ ಯೋಚನೆ ಇರಬಹುದು ಎಂದು ಮಕ್ಕಳಿಗೆ ಹೊಳೆಯುವುದೇ ಸುಮಾರು ನಾಲ್ಕು ವರ್ಷದ ಹೊತ್ತಿಗೆ. ‘ಸ್ವಲ್ಪ ಮರ್ಯಾದೆ ಕಲಿ’ ಎಂದು ಗದರಿದರೆ ಅವಕ್ಕೆ ಏನೂ ತಿಳಿಯುವುದಿಲ್ಲ. ಬೇರೆಯವರಿಂದ ಎಷ್ಟು ದೂರ ನಿಲ್ಲಬೇಕು ಎಂಬುದಕ್ಕೆ ಕಣ್ಣಿಗೆ ಕಾಣುವ ಒಂದು ಅಳತೆ ಕೊಡಿ.

1. ಅಳತೆ ತೋರಿಸಿ

ಹೂವಿನವರು ಮಲ್ಲಿಗೆ ಅಳೆಯುವ ಮೊಳ ಸಾಕು. ಮೊಣಕೈಯಿಂದ ಬೆರಳ ತುದಿವರೆಗೆ, ಸುಮಾರು 45 ಸೆಂ.ಮೀ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ತಮ್ಮ ದೇಶದವರನ್ನು ಗಮನಿಸಿ, ತೀರಾ ಆಪ್ತರನ್ನು ಮಾತ್ರ ಜನ ಬಿಟ್ಟುಕೊಳ್ಳುವ ದೂರ ಎಂದು ಗುರುತಿಸಿದ್ದೂ ಹೆಚ್ಚುಕಡಿಮೆ ಇಷ್ಟನ್ನೇ. ಊರಿಂದ ಊರಿಗೆ ಇದು ಬದಲಾಗುತ್ತದೆ ಎಂದೂ ಅವರು ಹೇಳಿದ್ದರು. ನಾಲ್ಕು ವರ್ಷದ ಮಗು ಕೈ ಪೂರ್ತಿ ಚಾಚಿದರೆ ಸುಮಾರು ಅಷ್ಟೇ ದೂರ. ಅಂಗಳದಲ್ಲಿ ಮಗುವಿನ ಸುತ್ತ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆಯಿರಿ, ನಿಮ್ಮ ಸುತ್ತ ಇನ್ನೊಂದು. ‘ಇದು ನಿನ್ನ ಜಾಗ, ಇದು ನನ್ನದು.’

2. ‘ಸಾಕು’ ಆಟ ಆಡಿ

ಮಗು ದೂರದಿಂದ ನಿಧಾನಕ್ಕೆ ನಿಮ್ಮತ್ತ ನಡೆದು ಬರಲಿ. ನೀವು ‘ಸಾಕು’ ಎಂದ ಕೂಡಲೇ ನಿಲ್ಲಬೇಕು. ಆಮೇಲೆ ನೀವು ನಡೆಯಿರಿ, ಮಗು ‘ಸಾಕು’ ಎನ್ನಲಿ. ಆಗ ನೀವೂ ನಿಜವಾಗಿ ನಿಲ್ಲಬೇಕು, ನಗುತ್ತಾ ಇನ್ನೊಂದು ಹೆಜ್ಜೆ ಇಟ್ಟರೆ ಆಟ ಕೆಟ್ಟಿತು. ನಾಲ್ಕಾರು ದಿನದ ನಂತರ ಬಾಯಿ ಬಿಡದೆ ಆಡಿ: ಮುಖ ತಿರುಗಿಸಿ, ಹಿಂದೆ ಸರಿಯಿರಿ, ಬ್ಯಾಗನ್ನು ಎದೆಗೆ ಅಡ್ಡ ಹಿಡಿಯಿರಿ. ದೊಡ್ಡವರು ಹೊರಗೆ ‘ಸಾಕು’ ಎನ್ನುವುದು ಹೀಗೇ ಅಲ್ವಾ?

3. ಕೇಳುವ ಮಾತು ಕಲಿಸಿ

‘ಆಂಟಿ, ನಿಮ್ಮ ಪಕ್ಕ ಕೂತ್ಕೊಳ್ಲಾ?’, ‘ಪಾಪುನ ಮುಟ್ಲಾ?’ ಎರಡು ಮಾತು ಸಾಕು. ಬೇಡ ಎಂದರೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಹೇಳಿಕೊಡಿ, ಇಲ್ಲದಿದ್ದರೆ ಅಲ್ಲೇ ಅಳು ಶುರು. ಬಾತ್‌ರೂಮಿನ ಬಾಗಿಲು ತಟ್ಟುವುದು, ಅಕ್ಕನ ಬ್ಯಾಗ್ ಕೇಳದೆ ತೆಗೆಯದಿರುವುದು ಇದರ ಜೊತೆಗೇ ಬರಲಿ.

4. ಮಗುವಿನ ‘ಬೇಡ’ಕ್ಕೂ ಬೆಲೆ ಕೊಡಿ

ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ನೆಂಟರು ಬಂದು ಕೆನ್ನೆ ಹಿಂಡುತ್ತಾರೆ. ಮಗು ಅಮ್ಮನ ಹಿಂದೆ ಅಡಗುತ್ತದೆ. ನಾವೇ ಎಳೆದು ಮುಂದೆ ನಿಲ್ಲಿಸಿ, ‘ಮಾವಂಗೆ ಒಂದು ಮುತ್ತು ಕೊಡು’ ಎನ್ನುತ್ತೇವೆ. ತನ್ನ ಬೇಡಕ್ಕೆ ಬೆಲೆ ಇಲ್ಲ ಎಂದು ಕಂಡ ಮಗು ಬೇರೆಯವರ ಬೇಡವನ್ನು ಯಾಕೆ ಕೇಳಬೇಕು? ‘ಅವನಿಗೆ ಈಗ ಇಷ್ಟ ಇಲ್ಲ ಅಂತೆ ಅತ್ತೆ, ನಮಸ್ಕಾರ ಮಾಡ್ತಾನೆ’ ಎಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಅತ್ತೆ ಮುನಿಸಿಕೊಂಡರೆ ಒಂದು ಕಾಫಿಯ ಹೊತ್ತಿಗೆ ಸರಿಹೋಗುತ್ತಾರೆ. ಒತ್ತಾಯಿಸಿ ಮುಟ್ಟಿದವರ ಬಗ್ಗೆ ಮನೆಯಲ್ಲಿ ಬಂದು ಹೇಳುವ ಧೈರ್ಯವೂ ಮಗುವಿಗೆ ಬರುವುದು ಇಂಥ ಕಡೆಯೇ. ಸಹಾಯ ಬೇಕಾದರೆ ಮಕ್ಕಳ ಸಹಾಯವಾಣಿ 1098 ಇದೆ.

ಒಂದು ಎಚ್ಚರಿಕೆ. ‘ದೂರ ನಿಲ್ಲು’ ಎಂಬ ಮಾತಿಗೆ ನಮ್ಮ ಸಮಾಜದಲ್ಲಿ ಕೆಟ್ಟ ಚರಿತ್ರೆ ಇದೆ. ಪೌರಕಾರ್ಮಿಕರು, ಮನೆಕೆಲಸದವರು ಬಂದಾಗ ಮಾತ್ರ ‘ಮುಟ್ಬೇಡ’ ಎಂದರೆ ಮಗು ಕಲಿಯುವುದು ಬೇರೆಯದೇ ಪಾಠ. ಕೆಲಸಕ್ಕೆ ಬರುವ ಅಕ್ಕನಿಗೂ ಬ್ಯಾಂಕಿನ ಅಂಕಲ್‌ಗೂ ಅದೇ ಒಂದು ಮೊಳ. ಕಾರಣವೂ ಒಂದೇ: ‘ಅವರಿಗೆ ಇರಿಸುಮುರಿಸು ಆಗುತ್ತೆ.’ ಕೊಳಕು, ರೋಗ ಎಂಬ ಮಾತು ಬಾಯಿಗೆ ಬರುವುದೇ ಬೇಡ.

5. ರಶ್ಶಿನಲ್ಲಿ ಹೇಗೆ?

ಸಂಜೆಯ ಸಿಟಿ ಬಸ್ಸಿನಲ್ಲಿ, ಜಾತ್ರೆಯಲ್ಲಿ ಮೊಳ ಎಲ್ಲಿಂದ ಬರಬೇಕು! ಅಲ್ಲಿ ನಿಯಮ ಬೇರೆ ಎಂದು ಮೊದಲೇ ಹೇಳಿಡಿ. ಬ್ಯಾಗ್ ಮುಂದಕ್ಕೆ, ಕೈ ಕಂಬದ ಮೇಲೆ ಅಥವಾ ಅಮ್ಮನ ಕೈಯಲ್ಲಿ. ತಾಗಿದರೆ ‘ಸಾರಿ’.

ಮರೆತಾಗ ಎಲ್ಲರೆದುರು ಬೈಯಬೇಡಿ. ಬಗ್ಗಿ, ಕಿವಿಯಲ್ಲಿ ‘ಮೊಳ’ ಎನ್ನಿ, ಅಷ್ಟೇ. ನೆನಪಿಟ್ಟುಕೊಂಡ ದಿನ ‘ಕೇಳಿ ಕೂತೆ ನೋಡು’ ಎಂದು ಹೇಳುವುದನ್ನು ಬಿಡಬೇಡಿ. ತಿಂಗಳುಗಟ್ಟಲೆ ಹೇಳಬೇಕಾಗುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲೂ ಸದಾ ಡಿಕ್ಕಿ ಹೊಡೆಯುವುದು, ಎಲ್ಲರನ್ನೂ ಬಿಗಿಯಾಗಿ ಹಿಡಿಯುವುದು ಕಡಿಮೆಯಾಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಕೆಲವು ಮಕ್ಕಳ ಮೈಗೆ ಬಿಗಿಯಾಗಿ ಒತ್ತುವ ಸ್ಪರ್ಶ ಜಾಸ್ತಿ ಬೇಕಾಗಿರುತ್ತದೆ. ಅದಕ್ಕೆ ಬೇರೆ ವ್ಯಾಯಾಮ, ಥೆರಪಿ ಇವೆ.