18 ಬೇಡ, 175 ಸಾಕು: ನಾನು ಗಾರ್ಡಿ ಹೌ ಕಾರ್ಡ್ ಕೊಂಡಿದ್ದು

ಕೆನಡಾದ ಓ-ಪೀ-ಚೀ ಕಂಪನಿಯ 1979-80ರ ಐಸ್ ಹಾಕಿ ಆಟಗಾರರ ಕಾರ್ಡ್ ಸೆಟ್ ಅಂದರೆ ಕಾರ್ಡ್ ಕೂಡಿಡುವವರ ಬಾಯಲ್ಲಿ ಬರುವುದು ಒಂದೇ ನಂಬರ್, 18. ಐಸ್ ಹಾಕಿಯ ದಂತಕಥೆ ವೇನ್ ಗ್ರೆಟ್ಜ್ಕಿಯ ರೂಕಿ ಕಾರ್ಡ್, ಅಂದರೆ ಮೊದಲ ಕಾರ್ಡ್. ಅದರ ಒಂದು ಪ್ರತಿ 2021ರಲ್ಲಿ 37.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ನಾನು ಹುಡುಕಿದ್ದು ಅದೇ ಸೆಟ್‌ನ 175ನೇ ಕಾರ್ಡ್. ಅದರಲ್ಲಿರುವುದು ಹಿರಿಯ ಆಟಗಾರ ಗಾರ್ಡಿ ಹೌ. ಗ್ರೆಟ್ಜ್ಕಿ ಕಾರ್ಡಿನ ಬೆಲೆಯ ಮುಂದೆ ಇದು ಚಿಲ್ಲರೆ ಕಾಸು.

ನಾನಿರುವುದು ಕೆನಡಾದ ಒಂಟಾರಿಯೋದಲ್ಲಿ. ನಮ್ಮ ಕಡೆ ಹಾಕಿ ಅಂದರೆ ಕೊಡಗಿನ ಮೈದಾನ ಕಣ್ಣಿಗೆ ಬರುತ್ತದೆ, ಇಲ್ಲಿ ಬರೀ ಹಾಕಿ ಅಂದರೆ ಐಸ್ ಹಾಕಿಯೇ.

ಈ ಕಾರ್ಡೇ ಯಾಕೆ? ಅದು ಅಚ್ಚಾದಾಗ ಹೌಗೆ 51 ವರ್ಷ! 1928ರಲ್ಲಿ ಸಸ್ಕಾಚೆವನ್‌ನ ಫ್ಲೋರಲ್‌ನಲ್ಲಿ ಹುಟ್ಟಿದವರು, 1946ರಲ್ಲಿ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡ ಸೇರಿದರು. 1950ರ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್ ಪಂದ್ಯಗಳಲ್ಲಿ, ಐಸ್ ಸುತ್ತಲಿನ ಬೋರ್ಡ್‌ಗೆ ಅಪ್ಪಳಿಸಿ ತಲೆಬುರುಡೆ ಒಡೆಯಿತು. ಮಿದುಳಿನ ಮೇಲಿನ ಒತ್ತಡ ಇಳಿಸಲು ಆಪರೇಷನ್ ಮಾಡಬೇಕಾಯಿತು. ಬದುಕುವುದೇ ಕಷ್ಟ ಅಂದುಕೊಂಡ ಮನುಷ್ಯ ಮುಂದಿನ ಸೀಸನ್‌ನಲ್ಲಿ 86 ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಸೇರಿ) ಗಳಿಸಿ ಲೀಗ್‌ಗೇ ಮೊದಲಿಗರಾದರು. ಲೀಗ್ ಗೆದ್ದ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್ ನಾಲ್ಕು, ಅತಿ ಮೌಲ್ಯದ ಆಟಗಾರನಿಗೆ ಸಿಗುವ ಹಾರ್ಟ್ ಟ್ರೋಫಿ ಆರು ಸಲ. 1971ರಲ್ಲಿ ಮಣಿಕಟ್ಟಿನ ನೋವಿನಿಂದ ನಿವೃತ್ತಿ.

ಅಲ್ಲಿಗೆ ಮುಗಿಯಲಿಲ್ಲ. 1973ರಲ್ಲಿ ಪ್ರತಿಸ್ಪರ್ಧಿ ಲೀಗ್ ಡಬ್ಲ್ಯುಎಚ್‌ಎಯ ಹ್ಯೂಸ್ಟನ್ ಏರೋಸ್ ತಂಡಕ್ಕೆ ಬಂದರು, ಮಕ್ಕಳಾದ ಮಾರ್ಕ್ ಮತ್ತು ಮಾರ್ಟಿ ಜೊತೆ ಆಡಲು. 1979ರಲ್ಲಿ ಆ ಲೀಗ್ ಮುಚ್ಚಿ, ಅದರ ನಾಲ್ಕು ತಂಡಗಳು ಎನ್‌ಎಚ್‌ಎಲ್ ಸೇರಿದವು. ಎಡ್ಮಂಟನ್ ಜೊತೆ ಗ್ರೆಟ್ಜ್ಕಿ ಬಂದ, ಅಷ್ಟರಲ್ಲಿ ಹಾರ್ಟ್‌ಫರ್ಡ್ ತಂಡದಲ್ಲಿದ್ದ ಹೌ ಅದರ ಜೊತೆ ಬಂದರು. ಗ್ರೆಟ್ಜ್ಕಿಗೆ ಚಿಕ್ಕಂದಿನಿಂದ ಹೌ ಅಂದರೆ ಪ್ರಾಣ, ಬೆನ್ನ ಮೇಲಿನ 99 ಕೂಡ ಹೌ ಅವರ 9ರಿಂದಲೇ ಬಂದಿದ್ದು. ಒಬ್ಬನ ಮೊದಲ ಕಾರ್ಡ್, ಇನ್ನೊಬ್ಬರ ಆಟದ ದಿನಗಳ ಕೊನೆಯ ಕಾರ್ಡ್, ಎರಡೂ ಒಂದೇ ಸೆಟ್‌ನಲ್ಲಿ. ನನಗಂತೂ ಎರಡನೆಯದೇ ಜಾಸ್ತಿ ಇಷ್ಟ.

ಇನ್ನು ಕೊಂಡ ರೀತಿ. ಮೊದಲು ಇದೇ ಸೆಟ್‌ನ ಅಷ್ಟಾಗಿ ಹೆಸರು ಮಾಡದ ಆಟಗಾರರ ಕಾರ್ಡ್‌ಗಳನ್ನು ಅಗ್ಗಕ್ಕೆ ತಂದಿಟ್ಟುಕೊಂಡೆ. ಅವನ್ನು ನಕಲಿ ಮಾಡುವವರು ಯಾರಿದ್ದಾರೆ, ಅಲ್ವಾ? ಹಾಗಾಗಿ ರಟ್ಟಿನ ದಪ್ಪ, ಮುದ್ರಣದ ಚುಕ್ಕಿ, ಬಣ್ಣ ಎಲ್ಲಕ್ಕೂ ಅವೇ ಅಳತೆಗೋಲು. ಕೈಯಲ್ಲಿ ಭೂತಗನ್ನಡಿ ಹಿಡಿದು ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಸಂಶಯ ಅಲ್ಲೇ ತೀರುತ್ತದೆ.

ಈ ಸೆಟ್‌ನ ತಲೆನೋವು ನೀಲಿ ಅಂಚು. ಸ್ವಲ್ಪ ತಾಗಿದರೂ ಬಣ್ಣ ಉದುರಿ ಬಿಳಿ ರಟ್ಟು ಇಣುಕುತ್ತದೆ. ಕೆಲವರು ಅದನ್ನು ನೀಲಿ ಮಾರ್ಕರ್‌ನಿಂದ ತುಂಬಿಸಿ ಮಾರುತ್ತಾರೆ. ಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ, ಹಚ್ಚಿದ ಜಾಗದ ಹೊಳಪು ಬೇರೆಯೇ ಕಾಣುತ್ತದೆ. ಅಂಚು ಒರಟಾಗಿದ್ದರೆ ಗಾಬರಿ ಬೇಡ. ಓ-ಪೀ-ಚೀಯವರು ಹಾಳೆಗಳನ್ನು ತಂತಿಯಿಂದ ಕತ್ತರಿಸುತ್ತಿದ್ದರು, ಆ ತರಚು ಸಹಜ. ತೀರಾ ನುಣುಪಾಗಿದ್ದರೆ ಯಾರೋ ಅಂಚು ಕತ್ತರಿಸಿರಬಹುದು. ಆಗ ಸ್ಕೇಲ್ ಹಿಡಿಯಬೇಕು: ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ.

ಅಮೆರಿಕದ ಟಾಪ್ಸ್ ಕಂಪನಿಯ ಸೆಟ್‌ನಲ್ಲೂ ಇದೇ ವಿನ್ಯಾಸ, ಇದೇ ನಂಬರ್. ತಿರುಗಿಸಿ ನೋಡಿ: ಇಂಗ್ಲಿಷ್ ಜೊತೆ ಫ್ರೆಂಚ್ ಕೂಡ ಇದ್ದರೆ ಅದು ಕೆನಡಾದ ಓ-ಪೀ-ಚೀ.

ನಾನು ಕೊಂಡಿದ್ದರ ಮೂಲೆಗಳು ಸವೆದಿವೆ, ಹಿಂದೆ ಪ್ಯಾಕೆಟ್‌ನಲ್ಲಿ ಜೊತೆಗೆ ಬರುತ್ತಿದ್ದ ಬಬಲ್‌ಗಮ್‌ನ ಕಲೆ ಇದೆ. ಅದಕ್ಕೇ ಕಡಿಮೆಗೆ ಸಿಕ್ಕಿತು. ಶುಲ್ಕ ಪಡೆದು ಕಾರ್ಡಿನ ಸ್ಥಿತಿಗೆ ಅಂಕ ಕೊಡುವ ಗ್ರೇಡಿಂಗ್‌ಗೆ ಕಳಿಸಲಿಲ್ಲ. ಈ ಸ್ಥಿತಿಯ ಕಾರ್ಡ್‌ಗೆ ಆ ಶುಲ್ಕ ದಂಡ ಅನ್ನುವುದು ನನ್ನ ಲೆಕ್ಕ.

ಕಾರ್ಡ್ ಅಚ್ಚಾದಾಗ ಹೌ ಅವರ ಎನ್‌ಎಚ್‌ಎಲ್ ಗೋಲು 786. ಆ ಸೀಸನ್‌ನ 80 ಪಂದ್ಯಗಳನ್ನೂ ಆಡಿ, ಇನ್ನೂ 15 ಹೊಡೆದು, 801ಕ್ಕೆ ನಿಲ್ಲಿಸಿದರು. ನಡುವೆ ಡೆಟ್ರಾಯಿಟ್‌ನಲ್ಲಿ ಲೀಗ್‌ನ ಆಯ್ದ ಆಟಗಾರರ ಆಲ್‌ಸ್ಟಾರ್ ಪಂದ್ಯ. ಅವರ ಹೆಸರು ಕೂಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಆ ಪಂದ್ಯದಲ್ಲಿ ಗ್ರೆಟ್ಜ್ಕಿಯೂ ಇದ್ದ.

ಹೌ ಅವರ ರೂಕಿ ಕಾರ್ಡ್ 1951-52ರ ಪಾರ್ಕ್‌ಹರ್ಸ್ಟ್ ಸೆಟ್‌ನ 66ನೆಯದು. ಬೆಲೆ ವಿಚಾರಿಸಿದೆ, ಸುಮ್ನೆ ಬಂದೆ.