ಆಪರೇಷನ್ ಹಿಂದಿನ ಸಂಜೆ ರೋಗಿಗೆ ನಾನು ಹೇಳುವುದು

ಸರ್ಜಿಕಲ್ ವಾರ್ಡಿನ ನರ್ಸ್ ಆಗಿ, ಆಪರೇಷನ್‌ಗೆ ಮೊದಲು ರೋಗಿಯ ಹತ್ತಿರ ಕೂತಾಗ ನಾನು ಪಾಠ ಶುರು ಮಾಡುವುದಿಲ್ಲ. ಮೊದಲು ಕೇಳುತ್ತೇನೆ: "ನಾಳೆ ಏನು ಮಾಡ್ತಾರೆ ಅಂತ ಡಾಕ್ಟರ್ ಹೇಳಿದ್ದಾರೆ? ನಿಮಗೆ ಯಾವುದರ ಭಯ ಜಾಸ್ತಿ?" "ಮಧ್ಯದಲ್ಲಿ ಎಚ್ಚರ ಆಗಿಬಿಟ್ರೆ ಸಿಸ್ಟರ್?" ಅನ್ನುವವರು ತುಂಬಾ ಜನ. ಆ ಭಯಕ್ಕೆ ಉತ್ತರ ಸಿಗದೆ ಬೇರೆ ಯಾವ ಮಾತೂ ತಲೆಗೆ ಹತ್ತುವುದಿಲ್ಲ. ಆಪರೇಷನ್ನಿನ ಅಪಾಯಗಳ ಬಗ್ಗೆ ಗೊಂದಲ ಇದ್ದರೆ ಡಾಕ್ಟರನ್ನೇ ಕರೆಸುತ್ತೇನೆ. ಅದನ್ನು ವಿವರಿಸಿ ಒಪ್ಪಿಗೆ ಪಡೆಯಬೇಕಾದವರು ಅವರು.

ಖಾಲಿ ಹೊಟ್ಟೆಯ ವಿಷಯಕ್ಕೆ ಕಾರಣ ಹೇಳಲೇಬೇಕು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿ ಇರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಇದು ಗೊತ್ತಾದರೆ ಕದ್ದು ತಿನ್ನುವವರು ಕಡಿಮೆ. ಸಾಮಾನ್ಯವಾಗಿ ಹಗುರ ಊಟಕ್ಕೆ 6 ಗಂಟೆ, ಎಣ್ಣೆ ಪದಾರ್ಥಕ್ಕೆ 8 ಗಂಟೆ, ಬರೀ ನೀರಿಗೆ 2 ಗಂಟೆ ಅಂತರ ಸಾಕು. ಹಾಲನ್ನು ನೀರಿನ ಲೆಕ್ಕಕ್ಕೆ ತಗೊಳ್ಳಬಾರದು, ಅದು ಊಟದ ಲೆಕ್ಕ. ಕೆಲವರಿಗೆ ಅರಿವಳಿಕೆ ಡಾಕ್ಟರ್ ಬೇರೆ ಸಮಯ ಹೇಳುತ್ತಾರೆ, ಆಗ ಅದೇ ಅಂತಿಮ. ನಾನು ಗಂಟೆ ಎಣಿಸಲು ಬಿಡುವುದಿಲ್ಲ. ಬೆಳಗ್ಗೆ 8ಕ್ಕೆ ಆಪರೇಷನ್ ಇದ್ದರೆ "6ರ ನಂತರ ನೀರೂ ಇಲ್ಲ" ಅಂತ ಚೀಟಿ ಬರೆದು ಕೊಡುತ್ತೇನೆ. ರಾತ್ರಿಯಿಡೀ ಸುಮ್ನೆ ಬಾಯಾರಿ ಮಲಗುವುದೂ ಬೇಡ ಅಲ್ವಾ?

ನಾನು ಜಾಸ್ತಿ ಹೊತ್ತು ಕೊಡುವುದು ಕೆಮ್ಮಿಗೆ. ಹೊಟ್ಟೆ ಆಪರೇಷನ್ ಆದವರು ನೋವಿಗೆ ಹೆದರಿ ಆಳವಾಗಿ ಉಸಿರಾಡುವುದಿಲ್ಲ. ಕಫ ನಿಲ್ಲುತ್ತದೆ, ನ್ಯುಮೋನಿಯಾಗೆ ದಾರಿಯಾಗುತ್ತದೆ. ಅದಕ್ಕೇ ಹಿಂದಿನ ದಿನವೇ ಮಾಡಿಸುತ್ತೇನೆ. ಎದ್ದು ಕೂರಿಸಿ, ಹೊಟ್ಟೆಗೆ ದಿಂಬು ಒತ್ತಿ ಹಿಡಿಸುತ್ತೇನೆ. ಮೂಗಿನಿಂದ ನಿಧಾನಕ್ಕೆ ಉಸಿರು ಒಳಗೆ, ಒಂದೆರಡು ಸೆಕೆಂಡ್ ಹಿಡಿದು, ಬಾಯಿಂದ ಹೊರಗೆ. ಕೆಲವು ಸಲ ಹೀಗೆ ಮಾಡಿಸಿ ಆಮೇಲೆ ಒಂದು ಗಟ್ಟಿ ಕೆಮ್ಮು. ದಿಂಬು ಹೊಲಿಗೆಗೆ ಆಸರೆ. ನೋವು ಶುರುವಾದ ಮೇಲೆ ಇದನ್ನು ಹೊಸದಾಗಿ ಕಲಿಸುವುದು ತುಂಬಾ ಕಷ್ಟ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಪಾದ ಮೇಲೆ ಕೆಳಗೆ ಆಡಿಸುವುದನ್ನೂ ಜೊತೆಗೇ ತೋರಿಸುತ್ತೇನೆ.

ಎಚ್ಚರವಾದಾಗ ಮೈಮೇಲೆ ಯಾವ ಟ್ಯೂಬ್ ಇರಬಹುದು ಅಂತ ಮೊದಲೇ ಹೇಳುತ್ತೇನೆ. ಹೆಸರನ್ನು ಮತ್ತೆ ಮತ್ತೆ ಕೇಳುತ್ತಾರೆ ಅಂತಲೂ. "ನಾನು ಯಾರು ಅಂತಾನೇ ಇವರಿಗೆ ಗೊತ್ತಿಲ್ವಾ?" ಅಂತ ಗಾಬರಿಯಾಗುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯಲ್ಲೇ ಹೆಸರು, ಆಪರೇಷನ್, ಅದು ಮಾಡುವ ದೇಹದ ಜಾಗ ಮೂರನ್ನೂ ಖಚಿತ ಮಾಡಿಕೊಳ್ಳಬೇಕು ಅಂತಿದೆ. ಒಡವೆ, ಹಲ್ಲಿನ ಸೆಟ್, ಉಗುರುಬಣ್ಣ ತೆಗೆಯುವುದು ಎಲ್ಲರಿಗೂ ಗೊತ್ತಿರುತ್ತದೆ, ಒಮ್ಮೆ ನೆನಪಿಸಿದರೆ ಸಾಕು. ಆದರೆ ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುತ್ತಿದ್ದಾರಾ ಅಂತ ಹೆಸರು ಹಿಡಿದೇ ಕೇಳುತ್ತೇನೆ.

ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳುವುದಿಲ್ಲ. ಯಾರನ್ನು ಕೇಳಿದರೂ ತಲೆ ಆಡಿಸುತ್ತಾರೆ. "ಮನೆಯವರು ಫೋನ್ ಮಾಡಿದ್ರೆ ನಾಳೆ ಬಗ್ಗೆ ಏನು ಹೇಳ್ತೀರಿ? ನನಗೂ ಹೇಳಿ ನೋಡೋಣ" ಅನ್ನುತ್ತೇನೆ. ಎಲ್ಲಿ ತಡವರಿಸುತ್ತಾರೋ ಅಷ್ಟನ್ನೇ ಮತ್ತೆ ಹೇಳುತ್ತೇನೆ. ಪಕ್ಕದಲ್ಲಿ ಉಳಿಯುವವರನ್ನೂ ಆಗ ಕೂರಿಸಿಕೊಳ್ಳುತ್ತೇನೆ, ಪಾಪ ಬಾಯಾರಿದೆ ಅಂತ ಬೆಳಗ್ಗೆ ಹಾಲು ಕುಡಿಸುವವರು ಅವರೇ.