ದವಡೆ ನೋವಾ? ಹಲ್ಲು ಕೀಳ್ಸೋಕ್ ಮುಂಚೆ ಇದನ್ನ ನೋಡ್ಕೊಳ್ಳಿ

ಹೋದ ವರ್ಷ ಕಬ್ಬು ಕಟಾವಿನ ಟೈಮಲ್ಲಿ ಪಾಂಡವಪುರ ಕಡೆಯಿಂದ ಒಬ್ರು ಅಮ್ಮ ಮಂಡ್ಯದಲ್ಲಿರೋ ನಮ್ಮ ಕ್ಲಿನಿಕ್‌ಗೆ ಬಂದಿದ್ರು. ಬಲಗಡೆ ಕೆಳಗಿನ ಎರಡು ದವಡೆ ಹಲ್ಲು ಆಗ್ಲೇ ಕೀಳ್ಸಾಗಿತ್ತು, ಆದ್ರೂ ನೋವು ಹಂಗೇ ಇತ್ತು, "ಇನ್ನೊಂದ್ನೂ ಕಿತ್ತಾಕ್ಬಿಡಿ ಡಾಕ್ಟ್ರಮ್ಮ, ತಲೆ ಸಿಡೀತದೆ" ಅಂದ್ರು. ಹಲ್ಲು ತಟ್ಟಿ ನೋಡ್ದೆ, ತಣ್ಣಗಿರೋದು ತಾಗಿಸಿ ನೋಡ್ದೆ, ಎಕ್ಸ್‌ರೇ ತೆಗೆದೆ, ಹಲ್ಲಲ್ಲಿ ಏನೂ ಇಲ್ಲ. ಕೆನ್ನೆ ಹಿಂಭಾಗದ ದಪ್ಪ ಸ್ನಾಯು ಒತ್ತಿದ್ ತಕ್ಷಣ ನನ್ನ ಕೈ ಹಿಡ್ಕೊಂಡು "ಅದೇ ಕಣವ್ವ, ಅದೇ ನೋವು" ಅಂದ್ರು. ಕಿತ್ತ ಹಲ್ಲು ವಾಪಸ್ ಬರಲ್ಲ, ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದಲು ಕನ್ನಡಿ ಮುಂದೆ ನಿಂತ್ಕೊಳ್ಳಿ. ಎರಡೂ ಕಿವಿ ಮುಂದೆ ಬೆರಳಿಟ್ಟು ನಿಧಾನಕ್ಕೆ ಬಾಯಿ ತೆಗೀರಿ, ಬೆರಳ ಕೆಳಗೆ ಜರುಗುತ್ತಲ್ಲ ಅದೇ ದವಡೆ ಕೀಲು. ಟಕ್ ಅಂದ್ರೆ ಗಾಬರಿ ಬೇಡ, ನೋವಿಲ್ದೆ ಬರೀ ಸದ್ದು ಬರೋದು ಎಷ್ಟೋ ಜನಕ್ಕೆ ಇರುತ್ತೆ, ಅದಕ್ಕೆ ಟ್ರೀಟ್‌ಮೆಂಟೂ ಬೇಕಿಲ್ಲ. ಗದ್ದ ಒಂದು ಕಡೆಗೆ ವಾಲುತ್ತಾ ನೋಡಿ. ಆಮೇಲೆ ನಿಮ್ಮ ಮೂರು ಬೆರಳು ನೆಟ್ಟಗೆ ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಹೋಗ್ತವಾ ನೋಡಿ, ಸಾಮಾನ್ಯವಾಗಿ ದೊಡ್ಡವರ ಬಾಯಿ 40 ಮಿಲಿಮೀಟರ್ ಆದ್ರೂ ತೆರೀಬೇಕು. ಗದ್ದ ವಾಲಿದ್ರೆ, ಬಾಯಿ ಅಷ್ಟು ತೆರೀದಿದ್ರೆ ಕೀಲಿಂದೋ ಸ್ನಾಯುದೋ ತೊಂದರೆ ಇರಬಹುದು.

ಇಲ್ಲಿ ಒಂದು ಮಾತು ಒತ್ತಿ ಹೇಳ್ತೀನಿ. ಬಾಯಿ ದಿನೇದಿನೇ ಚಿಕ್ಕದಾಗ್ತಿದೆ, ಖಾರ ತಿಂದ್ರೆ ಉರಿಯುತ್ತೆ, ಕೆನ್ನೆ ಒಳಗೆ ಬಿಳಿಚ್ಕೊಂಡು ಗಟ್ಟಿಯಾಗಿದೆ, ಅಡಿಕೆನೋ ಗುಟ್ಕಾನೋ ಅಭ್ಯಾಸ ಇದೆ ಅಂದ್ರೆ ಅದು ಕೀಲಿನ ತೊಂದರೆ ಅಲ್ಲದೇ ಇರಬಹುದು, ಕ್ಯಾನ್ಸರ್‌ಗೆ ತಿರುಗಬಹುದಾದ ಬೇರೆ ಕಾಯಿಲೆನೇ ಇರಬಹುದು. ಅಡಿಕೆ ಇವತ್ತೇ ಬಿಟ್ಟು ತೋರಿಸ್ಕೊಳ್ಳಿ.

ಈಗ ಸ್ನಾಯು. ಕಚ್ಚಿ ಹಿಡಿದಾಗ ಕೆನ್ನೆ ಹಿಂದೆ ಉಬ್ಬುತ್ತಲ್ಲ, ಅಲ್ಲಿ, ಆಮೇಲೆ ಕಣತಲೇಲಿ, ಸುಮಾರು ಒಂದು ಕೆಜಿ ಭಾರದಷ್ಟು ಒತ್ತಿ (ಅಡುಗೆಮನೆ ತಕ್ಕಡಿ ಮೇಲೆ ಬೆರಳೊತ್ತಿ ನೋಡಿದ್ರೆ ಅಂದಾಜು ಸಿಗುತ್ತೆ). ಒತ್ತಿದ್ರೆ ನೋಯೋದು ದೊಡ್ಡ ವಿಷಯ ಅಲ್ಲ, ನಿಮಗೆ ದಿನಾ ಬರೋ ಅದೇ ನೋವು ಬಂತಾ ಅನ್ನೋದು ಮುಖ್ಯ.

ಆದ್ರೆ ಕೆಲವು ದವಡೆ ನೋವು ಕೀಲಿಂದೂ ಅಲ್ಲ ಹಲ್ಲಿಂದೂ ಅಲ್ಲ. ಮುಖ ತೊಳ್ಯೋವಾಗ, ಬ್ರಶ್ ಮಾಡೋವಾಗ ಕರೆಂಟ್ ಹೊಡ್ದಂಗೆ ಕೆಲವೇ ಸೆಕೆಂಡ್ ಬಂದು ಹೋಗೋದು ನರದ ನೋವು, ಅದಕ್ಕೆ ಮಾತ್ರೆನೇ ಬೇರೆ. ನಡೆದ್ರೆ, ಮೆಟ್ಲು ಹತ್ತಿದ್ರೆ ದವಡೆ ನೋವು ಬಂದು ಕೂತ್ರೆ ಹೋಗುತ್ತೆ ಅಂದ್ರೆ ಹಾರ್ಟ್ ತೋರಿಸಿ, ಜೊತೆಗೆ ಎದೆ ಬಿಗಿತ, ಬೆವರು ಇದ್ರೆ ಒಂದು ನಿಮಿಷನೂ ಕಾಯ್ಬೇಡಿ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಅಗಿದ್ರೆ ದವಡೆ ಸೋತು ನೋಯೋದು, ಕಣ್ಣು ಮಂಜಾಗೋದು ಬಂದ್ರೆ ಅವತ್ತೇ ಆಸ್ಪತ್ರೆ, ಇಲ್ದಿದ್ರೆ ದೃಷ್ಟಿನೇ ಹೋಗಬಹುದು.

ಇದ್ಯಾವುದೂ ಅಲ್ಲ, ಸ್ನಾಯು ಕೀಲಿನ ನೋವೇ ಅಂದ್ರೆ ದವಡೆಗೆ ರೆಸ್ಟ್ ಕೊಡಿ, ಬಹಳ ಜನಕ್ಕೆ ಅದರಲ್ಲೇ ಇಳಿಯುತ್ತೆ. ನಮ್ಮ ಕಡೆಯವರ ಪುಣ್ಯ, ಮುದ್ದೆ ಇದೆ, ಅಗಿಯೋ ಹಂಗೇ ಇಲ್ಲ, ಬಸ್ಸಾರಲ್ಲಿ ಅದ್ದಿ ನುಂಗಿದ್ರಾಯ್ತು. ಎರಡು ಮೂರು ವಾರ ಕೋಡುಬಳೆ, ನಿಪ್ಪಟ್ಟು, ಚ್ಯೂಯಿಂಗ್ ಗಮ್ ಬೇಡ, ಕಬ್ಬನ್ನ ಹಲ್ಲಲ್ಲಿ ಸಿಗಿಯೋದಂತೂ ಬೇಡವೇ ಬೇಡ. ಬಟ್ಟೆ ಬಿಸಿನೀರಲ್ಲಿ ಹಿಂಡಿ ಕೆನ್ನೆಗೆ 15 ನಿಮಿಷ ಶಾಖ ಕೊಡಿ, ಆಕಳಿಕೆ ಬಂದಾಗ ಗದ್ದಕ್ಕೆ ಕೆಳಗಿಂದ ಕೈ ಕೊಡಿ. ಎಲ್ಲಕ್ಕಿಂತ ಮುಖ್ಯ, ತುಟಿ ಮುಚ್ಚಿರ್ಲಿ, ಹಲ್ಲು ಬಿಟ್ಟಿರ್ಲಿ. ಊಟ ಬಿಟ್ರೆ ಮೇಲಿನ ಕೆಳಗಿನ ಹಲ್ಲು ತಾಗಿರೋ ಅವಶ್ಯಕತೆನೇ ಇಲ್ಲ, ಆದ್ರೆ ಚಿಂತೆ ಇದ್ದಾಗ ನಮಗೇ ಗೊತ್ತಿಲ್ದಂಗೆ ಕಚ್ಚಿ ಹಿಡ್ದಿರ್ತೀವಿ. ಆ ಅಮ್ಮನಿಗೂ ಮಗಳ ಮದ್ವೆ ಸಾಲ, ರಾತ್ರಿ ಹಲ್ಲು ಕಡೀತಾರೆ ಅಂತ ಜೊತೇಲಿ ಬಂದಿದ್ದ ಸೊಸೆ ಹೇಳಿದ್ದು. ಅವರಿಗೆ ಅಳತೆ ತಗೊಂಡು ರಾತ್ರಿ ಹಲ್ಲಿನ ಮೇಲೆ ಹಾಕ್ಕೊಳ್ಳೋ ಕವಚ, ಸ್ಪ್ಲಿಂಟ್ ಅಂತೀವಿ, ಮಾಡ್ಕೊಟ್ಟೆ, ಎರಡು ತಿಂಗಳಲ್ಲಿ ನೋವು ಬಹಳ ಇಳೀತು.

ಅಷ್ಟರಲ್ಲೂ ಕಮ್ಮಿ ಆಗ್ದಿದ್ರೆ ಮೈಸೂರಿನ ಡೆಂಟಲ್ ಕಾಲೇಜುಗಳ ಓರಲ್ ಮೆಡಿಸಿನ್ (ಬಾಯಿ, ದವಡೆ ಕಾಯಿಲೆ ನೋಡೋ) ವಿಭಾಗಕ್ಕೆ ಹೋಗಿ. ಓಪಿಜಿ ಅನ್ನೋ ಪೂರ್ತಿ ದವಡೆ ಎಕ್ಸ್‌ರೇಲಿ ಮೂಳೆ ಕಾಣುತ್ತೆ, ಕೀಲೊಳಗೆ ಮೂಳೆಗಳ ನಡುವೆ ಮೆತ್ತೆ ಥರ ಇರೋ ಡಿಸ್ಕ್ ನೋಡೋಕೆ ಎಂಆರ್‌ಐ ಬೇಕು, ಅದೂ ಎಲ್ಲರಿಗೂ ಅಲ್ಲ. ಮೇಲಿನ ಕೆಳಗಿನ ಹಲ್ಲು ಕೂಡೋದನ್ನ ಸರಿ ಮಾಡ್ತೀವಿ ಅಂತ ಹಲ್ಲನ್ನ ತೇಯ್ತೀವಿ ಅಂದ್ರೆ ಮಾತ್ರ ಒಪ್ಕೊಬೇಡಿ, ಇನ್ನೊಬ್ಬರ ಹತ್ರ ತೋರಿಸಿ. ತೆಗೆದ ಬಾಯಿ ಮುಚ್ಚೋಕೇ ಆಗ್ದೆ ಸಿಕ್ಕಾಕ್ಕೊಂಡ್ರೆ ಮನೇಲಿ ಯಾರೂ ಬಲವಂತವಾಗಿ ತಳ್ಳಬೇಡಿ, ಗದ್ದದ ಕೆಳಗೆ ಟವೆಲ್ ಹಿಡಿದು ಸೀದಾ ಕ್ಯಾಶುಯಾಲ್ಟಿಗೆ ಹೋಗಿ, ಬೇಗ ಹೋದಷ್ಟೂ ಕೂರಿಸೋದು ಸುಲಭ.